ಬಣ್ಣ ಬಳಿಯುವ ಮೊದಲು ಸಮಾಧಿಯ ಬರಹ ದಾಖಲಾಗಲಿ

ಮಾನ್ಯ ಸಂಪಾದಕರೇ,

ಶ್ರೀರಂಗಪಟ್ಟಣದಲ್ಲಿ ದಸರೆ ಹತ್ತಿರ ಬಂದಾಗ ಊರನ್ನು ಚೊಕ್ಕಟ ಮಾಡುವ ಕೆಲಸ ಶುರುವಾಗುತ್ತದೆ. ಶ್ರಮದಾನಕ್ಕೆ ವಿದ್ಯಾರ್ಥಿಗಳು, ಸಂಘ ಸಂಸ್ಥೆಗಳು ಉತ್ಸಾಹದಿಂದ ಬರುತ್ತಾರೆ. ಗಿಡ ಕೀಳುವುದು, ಕಲ್ಲು ಉಜ್ಜುವುದು, ಬಿರುಕಿಗೆ ಸಿಮೆಂಟು ತುಂಬುವುದು, ಕೊನೆಗೆ ಒಂದು ಕೋಟು ಬಣ್ಣ ಬಳಿಯುವುದು, ಎಲ್ಲವೂ ಒಳ್ಳೆಯ ಮನಸ್ಸಿನಿಂದಲೇ ನಡೆಯುತ್ತವೆ. ಆದರೆ ಇದೇ ಕೆಲಸ ಹಳೆಯ ಸಮಾಧಿ ನೆಲಗಳಲ್ಲಿ ನಡೆದರೆ ಇನ್ನೂರು ವರ್ಷದ ಮಳೆ ಮಾಡದ ಹಾನಿ ಒಂದು ಮಧ್ಯಾಹ್ನದಲ್ಲಿ ಆಗಿಹೋಗುತ್ತದೆ. ಹಾಗಾಗಿ ಸಮಾಧಿಗಳನ್ನು ಮುಟ್ಟುವ ಮೊದಲು ಏನು ಮಾಡಬೇಕು, ಮುಟ್ಟಲೇಬೇಕಾದರೆ ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದೆ, ಸಂಪಾದಕರು ಮನ್ನಿಸಬೇಕು.

ಕಾವೇರಿಯ ಈ ದ್ವೀಪದಲ್ಲಿ ಎಷ್ಟು ಬಗೆಯ ಸಮಾಧಿಗಳಿವೆ ಎಂಬುದು ಪ್ರವಾಸಿಗರಿಗೆ ಹಾಗಿರಲಿ, ಊರಿನವರಿಗೂ ಪೂರ್ತಿ ತಿಳಿದಿಲ್ಲ. ಪೂರ್ವ ತುದಿಯ ಲಾಲ್‌ಬಾಗಿನಲ್ಲಿರುವ ಗುಂಬಜ್ ಎಲ್ಲರಿಗೂ ಗೊತ್ತು. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿಯ ಪಾಳೆಯದಲ್ಲಿ ತೀರಿಕೊಂಡ ಹೈದರಾಲಿಗಾಗಿ ಟಿಪ್ಪು ಕಟ್ಟಿಸಿದ್ದು ಇದು. ನಡುವೆ ಹೈದರ್, ಪೂರ್ವಕ್ಕೆ ಟಿಪ್ಪುವಿನ ತಾಯಿ, ಪಶ್ಚಿಮಕ್ಕೆ ಟಿಪ್ಪು. ಸುತ್ತ 36 ಕರಿಗಲ್ಲಿನ ಕಂಬಗಳಿವೆ, ದಂತದ ಕುಸುರಿಯ ಬಾಗಿಲುಗಳು ಗವರ್ನರ್ ಜನರಲ್ ಡಾಲ್‌ಹೌಸಿಯ ಕೊಡುಗೆ. 1799ರ ಮೇ 4ರಂದು ಕೋಟೆಯಲ್ಲಿ ಬಿದ್ದ ಟಿಪ್ಪುವನ್ನು ಮರುದಿನ ಇಲ್ಲಿಗೆ ತಂದು ಹೂಳಿದಾಗ ಭಾರೀ ಗುಡುಗು ಸಿಡಿಲಿನ ಮಳೆ ಸುರಿಯಿತೆಂದು ಅಂದಿನವರು ಬರೆದಿಟ್ಟಿದ್ದಾರೆ. ಒಳಗಿನ ಮೂರು ಸಮಾಧಿ ನೋಡಿ ಹೊರಡುವವರು ಹೊರಗಿನ ಮೊಗಸಾಲೆ ಮತ್ತು ಜಗಲಿಯ ಮೇಲೆ ಸಾಲಾಗಿರುವ ಬಂಧುಗಳ, ಸರದಾರರ ಸಮಾಧಿಗಳ ಮುಂದೆ ನಿಲ್ಲುವುದೇ ಇಲ್ಲ. ಸಮಾಧಿಯ ನೆತ್ತಿಯ ಮೇಲೆ ಲೇಖನಿ ಪೆಟ್ಟಿಗೆಯ ಆಕಾರದ ಉಬ್ಬು ಇದ್ದರೆ ಅದು ಗಂಡಸಿನದು, ಚಪ್ಪಟೆ ಹಲಗೆಯ ಆಕಾರ ಇದ್ದರೆ ಹೆಂಗಸಿನದು ಎಂಬ ರೂಢಿ ನಮ್ಮ ದೇಶದಲ್ಲಿದೆ. ಹೆಸರಿಲ್ಲದ ಸಮಾಧಿಯೂ ಇಷ್ಟನ್ನಾದರೂ ಹೇಳುತ್ತದೆ. ಉಬ್ಬು ಸವೆದಿದೆಯೆಂದು ನೆತ್ತಿಗೆ ಸಮತಟ್ಟಾಗಿ ಸಿಮೆಂಟು ಬಳಿದರೆ ಅದೂ ಹೋಯಿತು.

ಗುಂಬಜ್‌ಗೆ ಸಮೀಪದಲ್ಲೇ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಕರ್ನಲ್ ಬೇಯ್ಲಿಯ ಸ್ಮಾರಕವಿದೆ. 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕ ಈತ 1782ರ ನವೆಂಬರಿನಲ್ಲಿ ಇಲ್ಲಿಯ ಸೆರೆಯಲ್ಲೇ ಸತ್ತ. ಸ್ಮಾರಕವನ್ನು ಅವನ ಹತ್ತಿರದ ಬಂಧು ಕಟ್ಟಿಸಿದ್ದು 1816ರಲ್ಲಿ, ಅಂದರೆ 34 ವರ್ಷದ ನಂತರ. ಇದು ನೆನಪಿನ ಕಟ್ಟಡ, ಶವ ಹೂಳಿದ ಜಾಗ ಎಂದು ತಿಳಿಯಬಾರದು. ಕೋಟೆಯ ವಾಯವ್ಯದಲ್ಲಿ, 1799ರಲ್ಲಿ ಬ್ರಿಟಿಷರು ಗೋಡೆ ಒಡೆದು ಒಳನುಗ್ಗಿದ ಕಡೆ, ಇರುವ ಸ್ತಂಭವೂ ಹಾಗೆಯೇ. ಅದನ್ನು ಮೈಸೂರು ಸರ್ಕಾರ ನಿಲ್ಲಿಸಿದ್ದು 1907ರಲ್ಲಿ. ಸ್ಮಾರಕ ಯಾವುದು, ಸಮಾಧಿ ಯಾವುದು, ಅದರ ಮೇಲಿನ ಬರಹ ಸಾವಿನ ಕಾಲದ್ದೋ ಮುಂದೆ ಎಂದೋ ಕೆತ್ತಿದ್ದೋ, ಇವನ್ನು ಬೇರ್ಪಡಿಸದೆ ಊರಿನ ಚರಿತ್ರೆ ಬರೆಯಲಾಗದು.

ಇವೆಲ್ಲಕ್ಕಿಂತ ಹೆಚ್ಚು ಗಮನ ಬೇಕಾಗಿರುವುದು ಬೆಂಗಳೂರು–ಮೈಸೂರು ರಸ್ತೆಯ ಪಕ್ಕದಲ್ಲಿ, ನದಿ ದಂಡೆಯಲ್ಲಿರುವ, ಬ್ರಿಟಿಷ್ ಕಾವಲು ಪಡೆಯ ಗ್ಯಾರಿಸನ್ ಸ್ಮಶಾನಕ್ಕೆ. ಇಲ್ಲಿ 307 ಸಮಾಧಿಗಳಿವೆ ಎಂಬುದು ಎಲ್ಲರೂ ಉಲ್ಲೇಖಿಸುವ ಲೆಕ್ಕ. ಅವುಗಳಲ್ಲಿ ಸುಮಾರು 80 ಸ್ವಿಸ್ ಪಡೆಯಾದ ದ ಮ್ಯೂರಾನ್ ರೆಜಿಮೆಂಟಿಗೆ ಸೇರಿದವು. ಸ್ವಿಟ್ಜರ್ಲೆಂಡಿನವರು ಕಾವೇರಿ ದಂಡೆಗೆ ಬಂದ ಬಗೆ ಹೀಗಿದೆ: ನ್ಯೂಶಾಟೆಲ್‌ನ ಚಾರ್ಲ್ಸ್ ಡೇನಿಯಲ್ ದ ಮ್ಯೂರಾನ್ 1781ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ ಈ ಬಾಡಿಗೆ ಪಡೆಯನ್ನು ಕಟ್ಟಿದ. 1795ರಲ್ಲಿ ಸಿಂಹಳದಲ್ಲಿದ್ದಾಗ ಪಡೆ ಬ್ರಿಟಿಷರ ಸಂಬಳಕ್ಕೆ ಬದಲಾಯಿತು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಗೆ ಬಂತು, 1806ರಲ್ಲಿ ಹಿಂದೂಸ್ತಾನ ಬಿಟ್ಟಿತು, 1813ರಲ್ಲಿ ಕೆನಡಾ ಮುಟ್ಟಿತು, 1816ರಲ್ಲಿ ವಿಸರ್ಜನೆಯಾಯಿತು. 2008ರ ಸುಮಾರಿಗೆ ಅದೇ ಮನೆತನದ ವಂಶಸ್ಥರು ಮುಂದೆ ಬಂದು ಪಾಳುಬಿದ್ದಿದ್ದ ಸ್ಮಶಾನದ ದುರಸ್ತಿ ಮಾಡಿಸಿದ್ದರಿಂದಲೇ ಇವತ್ತು ಅಲ್ಲಿ ನೋಡಲು ಏನಾದರೂ ಉಳಿದಿದೆ.

ಇಲ್ಲಿರುವವರೆಲ್ಲ 1799ರ ಮೇ 4ರಂದು ಕೋಟೆಗೆ ನುಗ್ಗುವಾಗ ಸತ್ತ ಅಧಿಕಾರಿಗಳು ಎಂದು ಮಾರ್ಗದರ್ಶಿಗಳು ಹೇಳುತ್ತಾರೆ, ಬರಹಗಳಲ್ಲೂ ಅದೇ ಮರುಕಳಿಸುತ್ತದೆ. ಕಲ್ಲುಗಳನ್ನು ಓದಿದರೆ ಈ ಮಾತು ನಿಲ್ಲುವುದಿಲ್ಲ. ತಾರೀಖುಗಳು 19ನೇ ಶತಮಾನದೊಳಕ್ಕೆ ದೂರ ಸಾಗುತ್ತವೆ. ಹೆಂಡಂದಿರಿದ್ದಾರೆ, ಮಕ್ಕಳಿದ್ದಾರೆ. ಇವರನ್ನು ಕೊಂದದ್ದು ಯುದ್ಧಕ್ಕಿಂತ ಹೆಚ್ಚಾಗಿ ಜ್ವರ. ದ್ವೀಪದ ಚಳಿಜ್ವರಕ್ಕೆ ಬೇಸತ್ತೇ ಬ್ರಿಟಿಷರು 1809ರಲ್ಲಿ ದಂಡನ್ನು ಬೆಂಗಳೂರಿಗೆ ಎತ್ತಿಸಿದ್ದು, ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದು. ಊರಿನ ಜನವೂ ಕರಗಿತು. 1800ರಲ್ಲಿ ಸಮೀಕ್ಷೆಗಾಗಿ ಇಲ್ಲಿಗೆ ಬಂದ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಟಿಪ್ಪುವಿನ ಕಾಲಕ್ಕೆ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದಿರಬೇಕೆಂದು ಅಂದಾಜು ಮಾಡಿದ. ಅವನು ಬಂದಾಗ ಉಳಿದಿದ್ದವರು ಸುಮಾರು 32 ಸಾವಿರ. ಒಂದು ರಾಜಧಾನಿ ಹೇಗೆ ಬರಿದಾಯಿತು ಎಂಬುದರ ವರ್ಷವಾರು ಸಾಕ್ಷಿ ಈ ಕಲ್ಲುಗಳ ಮೇಲಿದೆ. ಯಾವ ವರ್ಷ, ಯಾವ ತಿಂಗಳು, ಎಷ್ಟು ವಯಸ್ಸು ಎಂದು ಒಂದು ಪಟ್ಟಿ ಮಾಡಿದರೆ ಜ್ವರದ ಋತುವೇ ಕಣ್ಣೆದುರು ಬರುತ್ತದೆ. ಅಂಥ ಪಟ್ಟಿಗೆ ಕಲ್ಲಿನ ಮೇಲಿನ ತಾರೀಖು ಅಳಿಯದೆ ಇರಬೇಕು.

ಹಾಗಾಗಿ ಮೊದಲು ದಾಖಲೆ, ಆಮೇಲೆ ಪೊರಕೆ. ಪ್ರತಿ ಸಮಾಧಿಗೆ ಒಂದು ಸಂಖ್ಯೆ ಕೊಡಿ. ಸಂಖ್ಯೆಯನ್ನು ನಕ್ಷೆಯಲ್ಲಿ ಬರೆಯಿರಿ, ಕಲ್ಲಿನ ಮೇಲೆ ಬಣ್ಣದಲ್ಲಿ ಬರೆಯಬೇಡಿ. ಉದ್ದ, ಅಗಲ, ಎತ್ತರ, ಇಟ್ಟಿಗೆಯೋ ಕಲ್ಲೋ, ಫಲಕ ಅಮೃತಶಿಲೆಯೋ ಗ್ರಾನೈಟೋ, ತಲೆ ಯಾವ ದಿಕ್ಕಿಗೆ ಎಂಬುದನ್ನೆಲ್ಲ ಗುರುತಿಸಿ. ನಮ್ಮ ಕಡೆ ಮುಸ್ಲಿಮರ ಗೋರಿ ಉತ್ತರ–ದಕ್ಷಿಣವಾಗಿದ್ದು ತಲೆ ಉತ್ತರಕ್ಕಿರುತ್ತದೆ, ಮುಖವನ್ನು ಪಶ್ಚಿಮಕ್ಕೆ ತಿರುಗಿಸಿರುತ್ತಾರೆ. ಕ್ರೈಸ್ತರದು ಸಾಮಾನ್ಯವಾಗಿ ಪೂರ್ವ–ಪಶ್ಚಿಮ, ತಲೆ ಪಶ್ಚಿಮಕ್ಕೆ. ಬರಹವಿಲ್ಲದ ಒಂಟಿ ಸಮಾಧಿ ಸಿಕ್ಕಾಗ ದಿಕ್ಕು ಒಂದೇ ಸುಳಿವು. ಬರಹವನ್ನು ಸಾಲಿಗೆ ಸಾಲು, ಅಕ್ಷರಕ್ಕೆ ಅಕ್ಷರ ನಕಲು ಮಾಡಬೇಕು, ಕಾಗುಣಿತ ತಿದ್ದಬಾರದು. ಓದಲಾಗದ ಕಡೆ ಊಹಿಸಿ ತುಂಬದೆ ಎಷ್ಟು ಅಕ್ಷರದ ಜಾಗ ಖಾಲಿ ಇದೆಯೋ ಅಷ್ಟು ಚುಕ್ಕೆ ಇಡಿ. ಇಬ್ಬರ ತಂಡಕ್ಕೆ ಒಂದು ಸಮಾಧಿಗೆ ಅರ್ಧ ಗಂಟೆ ಹಿಡಿಯಿರಿ. ದಿನಕ್ಕೆ ಹದಿನೈದು ಮುಗಿದರೆ 307ಕ್ಕೆ ಮೂರು ವಾರ ಸಾಕು. ಒಂದು ಕಾಲೇಜಿನ ಇತಿಹಾಸ ವಿಭಾಗ ಒಂದು ರಜೆಯಲ್ಲಿ ಮಾಡಿ ಮುಗಿಸಬಹುದಾದ ಕೆಲಸ ಇದು.

ಸವೆದ ಅಕ್ಷರ ಕಾಣಲೆಂದು ಕೆಲವರು ಸೀಮೆಸುಣ್ಣ ತಿಕ್ಕುತ್ತಾರೆ, ಹಿಟ್ಟು ಉದುರಿಸುತ್ತಾರೆ, ಶೇವಿಂಗ್ ಕ್ರೀಮ್ ಹಚ್ಚುತ್ತಾರೆ. ಸುಣ್ಣದ ಪುಡಿ ಕಲ್ಲಿನ ರಂಧ್ರದಲ್ಲಿ ಉಳಿಯುತ್ತದೆ, ಹಿಟ್ಟು ಬೂಷ್ಟಿಗೆ ಆಹಾರ, ಕ್ರೀಮಿನ ರಾಸಾಯನಿಕ ತೊಳೆದರೂ ಪೂರ್ತಿ ಹೋಗದು. ಬೆಳಕೇ ಸಾಕು. ಪೂರ್ವಕ್ಕೆ ಮುಖ ಮಾಡಿದ ಫಲಕವನ್ನು ಸೂರ್ಯ ಮೇಲೇರುತ್ತ ಬೆಳಕು ಕಲ್ಲಿನ ಮೇಲೆ ಓರೆಯಾಗಿ ಜಾರುವ ಹೊತ್ತಿನಲ್ಲಿ, ಪಶ್ಚಿಮದ್ದನ್ನು ಮಧ್ಯಾಹ್ನ ತಿರುಗಿದ ಕೂಡಲೇ ನೋಡಿ. ನೆರಳಿನಲ್ಲಿರುವ ಫಲಕಕ್ಕೆ ಒಂದು ಕನ್ನಡಿಯಿಂದಲೋ ಟಾರ್ಚಿನಿಂದಲೋ ಪಕ್ಕದಿಂದ ಬೆಳಕು ಹಾಯಿಸಿ. ಬೆಳಕು ಕಲ್ಲಿಗೆ 10ರಿಂದ 15 ಡಿಗ್ರಿ ಕೋನದಲ್ಲಿ ಬಿದ್ದರೆ ಬೆರಳಿಗೂ ಸಿಗದ ಕೆತ್ತನೆ ನೆರಳಾಗಿ ಎದ್ದು ನಿಲ್ಲುತ್ತದೆ. ಎಡದಿಂದ, ಬಲದಿಂದ, ಮೇಲಿನಿಂದ ಹೀಗೆ ಮೂರು ಫೋಟೊ ತೆಗೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಇಡಿ. ಮೊಬೈಲಿನಲ್ಲೇ ಪ್ರತಿ ಚಿತ್ರ ಹಿಂದಿನದರ ಮೂರನೇ ಎರಡು ಭಾಗವನ್ನಾದರೂ ಒಳಗೊಳ್ಳುವಂತೆ ಸುತ್ತಲೂ ತೆಗೆದರೆ ಮೂರು ಆಯಾಮದ ಪ್ರತಿಕೃತಿಯನ್ನೂ ಮಾಡಬಹುದು. ಬೆಂಗಳೂರಿನ ಶಿಲಾಶಾಸನಗಳಿಗೆ ಅಲ್ಲಿಯ ಇತಿಹಾಸ ಅಧ್ಯಯನ ಸಂಸ್ಥೆ ಮಿಥಿಕ್ ಸೊಸೈಟಿ ಮೂರು ಆಯಾಮದ ದಾಖಲೆ ಮಾಡುತ್ತಿರುವುದು ಕನ್ನಡಿಗರಿಗೆ ತಿಳಿದೇ ಇದೆ. ನೆನೆಸಿದ ಕಾಗದ ಹಾಸಿ ಕುಂಚದಿಂದ ತಟ್ಟಿ ಮಸಿ ಹಚ್ಚಿ ಅಚ್ಚು ತೆಗೆಯುವ ಹಳೆಯ ಕ್ರಮ ಗಟ್ಟಿ ಗ್ರಾನೈಟಿಗೆ ಸರಿ. ಪದರ ಏಳುತ್ತಿರುವ ಅಮೃತಶಿಲೆಗೂ ಗಾರೆಯಲ್ಲಿ ಮೂಡಿಸಿದ ಬರಹಕ್ಕೂ ಅದನ್ನು ಮಾಡಬಾರದು, ಕಾಗದದ ಜೊತೆ ಅಕ್ಷರವೂ ಎದ್ದುಬರುತ್ತದೆ.

ಪರ್ಷಿಯನ್ ಭಾಷೆಯ ಬರಹಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಲ್ಲಿ ವರ್ಷವನ್ನು ಅಂಕಿಯಲ್ಲಿ ಬರೆಯದೆ ಒಂದು ವಾಕ್ಯದಲ್ಲಿ ಅಡಗಿಸಿಡುವ ಪದ್ಧತಿ ಇದೆ. ಪ್ರತಿ ಅಕ್ಷರಕ್ಕೂ ಒಂದು ಬೆಲೆ, ಕೂಡಿದರೆ ಹಿಜರಿ, ಅಂದರೆ ಇಸ್ಲಾಮಿ ಪಂಚಾಂಗದ, ವರ್ಷ. ಟಿಪ್ಪುವಿನ ಸಾವಿಗೆ ಕಟ್ಟಿದ ಕಾಲಸೂಚಕ ವಾಕ್ಯಗಳಲ್ಲೊಂದು ‘ಟೀಪು ಬ ವಜ್ಹೆ ದೀನೆ ಮುಹಮ್ಮದ್ ಶಹೀದ್ ಶುದ್’, ಅಂದರೆ ಮುಹಮ್ಮದರ ಧರ್ಮಕ್ಕಾಗಿ ಟೀಪು ಹುತಾತ್ಮನಾದ. ಟೀಪು 418, ಬ ವಜ್ಹ್ 16, ದೀನ್ 64, ಮುಹಮ್ಮದ್ 92, ಶಹೀದ್ 319, ಶುದ್ 304. ಒಟ್ಟು 1213, ಅದೇ 1799ರ ಮೇ ತಿಂಗಳಿಗೆ ಸಲ್ಲುವ ಹಿಜರಿ ವರ್ಷ. ಈಗ ಒಂದು ಸಂಗತಿ ನೋಡಿ. ಬೇ, ತೇ, ನೂನ್, ಯೇ ಈ ನಾಲ್ಕು ಅಕ್ಷರಗಳು ಪದದ ನಡುವೆ ಬಂದಾಗ ಆಕಾರ ಒಂದೇ. ಕೆಳಗೆ ಒಂದು ಚುಕ್ಕೆ ಇದ್ದರೆ ಬೇ, ಬೆಲೆ 2. ಕೆಳಗೆ ಎರಡಿದ್ದರೆ ಯೇ, 10. ಮೇಲೆ ಒಂದಿದ್ದರೆ ನೂನ್, 50. ಮೇಲೆ ಎರಡಿದ್ದರೆ ತೇ, 400. ಒಂದು ಕೋಟು ಬಣ್ಣ ಆ ಚುಕ್ಕೆಯನ್ನು ಮುಚ್ಚಿದರೆ ಓದುವವನು ನೂರಾರು ವರ್ಷ ತಪ್ಪುತ್ತಾನೆ. ಎಣ್ಣೆಬಣ್ಣ ಬಳಿದ ಕಲ್ಲಿನಲ್ಲಿ ಮೊದಲು ತುಂಬಿಹೋಗುವುದು ಚುಕ್ಕೆಗಳ ಕುಳಿಗಳೇ. ಅಂಕಿಯಲ್ಲಿ ಬರೆದಿದ್ದರೂ ಟಿಪ್ಪು ಕಾಲದ್ದನ್ನು ಅವಸರದಲ್ಲಿ ಓದಬಾರದು. 1787ರಲ್ಲಿ ಅವನು ಮೌಲೂದಿ ಎಂಬ ಹೊಸ ಗಣನೆ ತಂದ. ನಮ್ಮ ಪಂಚಾಂಗದಂತೆ ಅಧಿಕಮಾಸ ಕೂಡಿಸುವ ಚಾಂದ್ರ–ಸೌರ ವರ್ಷ ಅದು, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಆ ಕಾಲದ ನಾಣ್ಯದ ಮೇಲೆ 5121 ಎಂದು ಕಂಡರೆ ಅದು 1215. ಅದನ್ನು ಹಿಜರಿ ಎಂದುಕೊಂಡರೆ ಮತ್ತೆ ಹನ್ನೆರಡು ಹದಿಮೂರು ವರ್ಷದ ತಪ್ಪು.

ಇಂಗ್ಲಿಷ್ ಫಲಕಗಳಲ್ಲೂ ಸಣ್ಣ ಅಕ್ಷರಗಳೇ ಮುಖ್ಯ. ಹೆಸರಿನ ಮುಂದೆ ‘ಎಚ್.ಎಂ.’ ಎಂದಿದ್ದರೆ ಆತ ದೊರೆಯ ಸೈನ್ಯದವನು, ‘ಎಚ್.ಇ.ಐ.ಸಿ.’ ಎಂದಿದ್ದರೆ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯವನು. ಮುಂದೆ ಅವನ ಸೇವಾ ದಾಖಲೆ ಹುಡುಕಬೇಕಾದ ಪತ್ರಾಗಾರವೇ ಬೇರೆಯಾಗುತ್ತದೆ.

ಇನ್ನು ತೊಳೆಯುವ ವಿಚಾರ. ಮೊದಲು ಬೆರಳ ಗೆಣ್ಣಿನಿಂದ ಫಲಕವನ್ನು ಮೆತ್ತಗೆ ತಟ್ಟಿ. ಟೊಳ್ಳು ಸದ್ದು ಬಂದರೆ, ಪುಡಿ ಉದುರಿದರೆ, ಪದರ ಎದ್ದಿದ್ದರೆ ಆ ಕಲ್ಲನ್ನು ತೊಳೆಯಲೇಬೇಡಿ. ಗಟ್ಟಿಯಿದ್ದರೆ ಬರಹವಿಲ್ಲದ ಮೂಲೆಯಲ್ಲಿ ಅಂಗೈ ಅಗಲ ಪರೀಕ್ಷೆ ಮಾಡಿ, ಒಣಗಲು ಬಿಟ್ಟು ಮರುದಿನ ನೋಡಿ. ಬರೀ ನೀರು ಸಾಕು. ಕೆಳಗಿನಿಂದ ಮೇಲಕ್ಕೆ ಕಲ್ಲನ್ನು ಒದ್ದೆ ಮಾಡುತ್ತ ಹೋಗಿ, ಇಲ್ಲದಿದ್ದರೆ ಕೊಳೆನೀರು ಒಣಕಲ್ಲಿನ ಮೇಲೆ ಇಳಿದು ಗೆರೆ ಕಟ್ಟುತ್ತದೆ. ಕಾಲು ಗಂಟೆ ನೆನೆಯಲು ಬಿಟ್ಟು ಮೃದು ಕೂದಲಿನ ಬ್ರಷ್‌ನಿಂದ ಉಜ್ಜಿ. ಕಲ್ಲುಹೂವು ಅಕ್ಷರದ ಕುಳಿಯಲ್ಲಿ ಕೂತಿದ್ದರೆ ಚೂಪು ಮಾಡಿದ ಬಿದಿರು ಕಡ್ಡಿ ಬಳಸಿ, ಮೊಳೆಯನ್ನಾಗಲಿ ಚಾಕುವನ್ನಾಗಲಿ ಬಳಸಬೇಡಿ. ತಂತಿ ಬ್ರಷ್ ಬಿಟ್ಟುಹೋಗುವ ಕಬ್ಬಿಣದ ಕಣಗಳು ಮೊದಲ ಮಳೆಗೆ ತುಕ್ಕಿನ ಕಲೆಯಾಗುತ್ತವೆ. ಬಚ್ಚಲು ತೊಳೆಯುವ ಆಸಿಡ್ ಅಮೃತಶಿಲೆಯನ್ನೂ ಸುಣ್ಣದ ಗಾರೆಯನ್ನೂ ಕರಗಿಸಿಬಿಡುತ್ತದೆ. ಆಸಿಡ್ ಹಾಕಿದ ದಿನ ಕಲ್ಲು ಬೆಳ್ಳಗೆ ಹೊಳೆಯುತ್ತದೆ, ಹೊಳೆಯುವುದು ಮೇಲ್ಮೈ ಕರಗಿದ್ದರಿಂದ. ಬ್ಲೀಚಿಂಗ್ ಪೌಡರು ಕೂಡ ಕಲ್ಲಿನೊಳಗೆ ಉಪ್ಪು ಬಿಡುತ್ತದೆ. ಉಪ್ಪು ಪ್ರತಿ ಬೇಸಿಗೆಯಲ್ಲಿ ಹರಳುಗಟ್ಟಿ ಕಲ್ಲನ್ನು ಒಳಗಿನಿಂದ ಸಿಡಿಸುತ್ತದೆ.

ಗ್ಯಾರಿಸನ್ ಸ್ಮಶಾನದ ಚೂಪುಗೋಪುರಗಳೂ ಪೆಟ್ಟಿಗೆ ಆಕಾರದ ಸಮಾಧಿಗಳೂ ಬಹುತೇಕ ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ನದಿ ಪಕ್ಕದ ನೆಲ. ಕೆಆರ್‌ಎಸ್‌ನಿಂದ ಲಕ್ಷ ಕ್ಯುಸೆಕ್ ಮೀರಿ ನೀರು ಬಿಟ್ಟ ವರ್ಷ ದಂಡೆಯ ಮಣ್ಣು ತಿಂಗಳುಗಟ್ಟಲೆ ತೇವವಾಗಿರುತ್ತದೆ. ಆ ತೇವ ಇಟ್ಟಿಗೆಯ ಮೂಲಕ ಮೇಲೇರಿ ಗಾರೆಯಿಂದ ಆವಿಯಾಗಿ ಹೊರಹೋಗುವಂತೆ ಹಳಬರು ಕಟ್ಟಿದ್ದರು. ಮೇಲೆ ಸಿಮೆಂಟು ಬಳಿದರೆ ಆವಿಗೆ ದಾರಿ ಮುಚ್ಚುತ್ತದೆ. ನೀರು ಸಿಮೆಂಟಿನ ಹಿಂದೆ ನಿಂತು ಇಟ್ಟಿಗೆಯನ್ನು ಹಿಟ್ಟಾಗಿಸುತ್ತದೆ, ಮೂರು ನಾಲ್ಕು ವರ್ಷಕ್ಕೆ ಸಿಮೆಂಟಿನ ಚಕ್ಕೆ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬೀಳುತ್ತದೆ. ಪ್ಲಾಸ್ಟಿಕ್ ಎಮಲ್ಷನ್ ಬಣ್ಣದ್ದೂ ಇದೇ ಕಥೆ. ಅದರಲ್ಲೂ ದಸರೆಯ ಹೊತ್ತಿಗೆ ಮಳೆಗಾಲ ಆಗ ತಾನೇ ಮುಗಿಯುತ್ತಿರುತ್ತದೆ, ಗೋಡೆಯಲ್ಲಿ ವರ್ಷದ ಅತಿ ಹೆಚ್ಚು ತೇವ ಇರುವುದು ಆಗಲೇ. ಬಣ್ಣ ಬಳಿಯಲು ಅದಕ್ಕಿಂತ ಕೆಟ್ಟ ಕಾಲ ಇಲ್ಲ. ದುರಸ್ತಿಗೆ ಸರಿಯಾದ ಕಾಲ ನವೆಂಬರಿನಿಂದ ಫೆಬ್ರುವರಿ: ಮಳೆಯೂ ಇಲ್ಲ, ಗಾರೆಯನ್ನು ಅವಸರದಲ್ಲಿ ಒಣಗಿಸುವ ಬಿಸಿಲೂ ಇಲ್ಲ.

ಗಾರೆಗೆ ಚೀಲದ ಪುಡಿಸುಣ್ಣ ಬೇಡ. ಸುಟ್ಟ ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿ, ಸೋಸಿ, ಮೇಲೆ ನೀರು ನಿಂತಿರುವಂತೆ ಕನಿಷ್ಠ ಒಂದು ತಿಂಗಳು ಗುಂಡಿಯಲ್ಲಿ ಇಡಬೇಕು. ಅರಳದ ಹರಳು ಉಳಿದರೆ ಗೋಡೆಗೆ ಹೋದ ಮೇಲೆ ಅರಳಿ ಗುಳ್ಳೆ ಎಬ್ಬಿಸುತ್ತದೆ. ಅರಳಿಸುವಾಗ ನೀರು ಕುದಿಯುತ್ತದೆ. ಸುಣ್ಣವನ್ನೇ ನೀರಿಗೆ ಹಾಕಬೇಕು, ನೀರನ್ನು ಸುಣ್ಣಕ್ಕೆ ಸುರಿಯಬಾರದು, ಕಣ್ಣಿಗೆ ಕನ್ನಡಕ ಇರಲೇಬೇಕು, ವಿದ್ಯಾರ್ಥಿಗಳನ್ನು ಈ ಕೆಲಸಕ್ಕೆ ಹಚ್ಚಬಾರದು. ಅಳತೆ ಹೀಗೆ: ಒಂದು ಪಾಲು ಸುಣ್ಣ, ಒಂದು ಪಾಲು ಇಟ್ಟಿಗೆ ಪುಡಿ, ಎರಡು ಪಾಲು ತೊಳೆದ ನದಿ ಮರಳು. ಇಟ್ಟಿಗೆ ಪುಡಿ ಹದವಾಗಿ ಸುಟ್ಟ ಹಳೆಯ ಇಟ್ಟಿಗೆಯದ್ದಾಗಿರಲಿ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಪೆಟ್ಟಿಗೆ ಸಮಾಧಿಗೆ ಮೇಲ್ಮುಖವೂ ಸೇರಿ 8 ಚದರ ಮೀಟರ್ ಆಗುತ್ತದೆ. 12 ಮಿಲಿಮೀಟರ್ ದಪ್ಪಕ್ಕೆ 15 ಲೀಟರಿನ ಬಕೆಟ್ಟಿನಲ್ಲಿ ಎರಡು ಸುಣ್ಣ, ಎರಡು ಇಟ್ಟಿಗೆ ಪುಡಿ, ನಾಲ್ಕು ಮರಳು ಬೇಕು, ಸ್ವಲ್ಪ ಹೆಚ್ಚಿಗೆ ಇಟ್ಟುಕೊಂಡರೆ ಒಳ್ಳೆಯದು. ಬೆಲ್ಲ ಮತ್ತು ಅಳಲೆಕಾಯಿ ಕೊಳೆಸಿದ ನೀರನ್ನು ಸೋಸಿ ಸೇರಿಸುವುದು ನಮ್ಮ ಗಾರೆ ಕೆಲಸದವರ ಕ್ರಮ. ಅದು ಹದವಾಗಿರಲಿ, ಬೆಲ್ಲ ಹೆಚ್ಚಾದರೆ ಗಾರೆ ಬಲಿಯುವುದು ತಡವಾಗುತ್ತದೆ, ಬೂಷ್ಟೂ ಹಿಡಿಯುತ್ತದೆ. ಸಂದುಗಳನ್ನು ಅದರ ಅಗಲದ ಎರಡರಷ್ಟು ಆಳಕ್ಕೆ ಕೆರೆದು, ನೀರು ಚಿಮುಕಿಸಿ, ಆಮೇಲೆ ತುಂಬಬೇಕು. ಹಚ್ಚಿದ ಮೇಲೆ ಒದ್ದೆ ಗೋಣಿತಾಟು ಹೊದಿಸಿ ಹತ್ತು ದಿನವಾದರೂ ತೇವ ಉಳಿಸಬೇಕು. ಸುಣ್ಣ ಗಾಳಿಯನ್ನು ಹೀರಿ ಕಲ್ಲಾಗುವುದಕ್ಕೆ ತೇವ ಬೇಕೇಬೇಕು, ಎರಡು ದಿನಕ್ಕೇ ಒಣಗಿದ ಗಾರೆ ಉಗುರಿಗೆ ಪುಡಿಯಾಗುತ್ತದೆ. ಹಳೆಯ ಗಾರೆ ಗಟ್ಟಿಯಿರುವ ಕಡೆ ಹೊಸದನ್ನು ಹಚ್ಚುವ ಅಗತ್ಯವೇ ಇಲ್ಲ. ಸಮಾಧಿ ಹೊಸದಾಗಿ ಕಾಣಬೇಕೆಂಬ ಆಸೆಯಿಂದಲೇ ಅರ್ಧ ಹಾನಿ ಆಗುವುದು.

ಅರಳಿ, ಆಲದ ಸಸಿಗಳನ್ನು ಕೈಯಿಂದ ಎಳೆಯುವುದು ಇನ್ನೊಂದು ತಪ್ಪು. ಬೇರು ಇಟ್ಟಿಗೆಯನ್ನು ತಬ್ಬಿಕೊಂಡಿರುತ್ತದೆ, ಎಳೆದರೆ ಕಟ್ಟಡವೇ ಬಾಯಿಬಿಡುತ್ತದೆ. ಬುಡ ಕತ್ತರಿಸಿ, ಹಸಿ ಇರುವಾಗಲೇ, ಕೆಲವೇ ನಿಮಿಷಗಳಲ್ಲಿ, ಆ ಗಾಯಕ್ಕೆ ಮಾತ್ರ ಗ್ಲೈಫೋಸೇಟ್‌ನಂಥ ಕಳೆನಾಶಕವನ್ನು ಕುಂಚದಿಂದ ಹಚ್ಚಬೇಕು. ಸಿಂಪಡಿಸಬಾರದು, ನದಿ ಪಕ್ಕದಲ್ಲೇ ಇದೆ. ಮತ್ತೆ ಚಿಗುರಿದರೆ ಮತ್ತೆ ಹಚ್ಚಿ. ಬೇರು ಪೂರ್ತಿ ಸತ್ತು ಒಣಗಲು ತಿಂಗಳುಗಳೇ ಬೇಕು. ಆಮೇಲೆ ಸಡಿಲವಾದಷ್ಟನ್ನು ತೆಗೆದು ಟೊಳ್ಳಿಗೆ ತೆಳು ಗಾರೆ ಇಳಿಸಿ. ಬುಡಕ್ಕೆ ಉಪ್ಪು ಸುರಿಯುವ ಉಪಾಯ ಮರಕ್ಕಿಂತ ಮೊದಲು ಇಟ್ಟಿಗೆಯನ್ನು ಕೊಲ್ಲುತ್ತದೆ.

ತಾಲ್ಲೂಕಿನ ಹಳ್ಳಿಗಳ ವೀರಗಲ್ಲು, ಮಾಸ್ತಿಕಲ್ಲುಗಳನ್ನೂ ಇದರ ಜೊತೆ ಹೇಳಲೇಬೇಕು. ಬದುವಿನಲ್ಲಿ ಬಿದ್ದಿದ್ದನ್ನು ಭಕ್ತಿಯಿಂದ ತಂದು ದೇವಸ್ಥಾನದ ಅಂಗಳದಲ್ಲಿ ನಿಲ್ಲಿಸಿ, ಎಣ್ಣೆ ಕುಂಕುಮ ಹಚ್ಚಿ, ಬುಡಕ್ಕೆ ಕಾಂಕ್ರೀಟ್ ಹಾಕುತ್ತಾರೆ. ಕಾಂಕ್ರೀಟಿನಲ್ಲಿ ಮುಳುಗುವುದು ಹೆಚ್ಚಾಗಿ ಕೆಳಗಿನ ಫಲಕ, ಅಲ್ಲಿಯೇ ಕಾಳಗದ ದೃಶ್ಯ ಇರುವುದು. ಕಲ್ಲನ್ನು ಎತ್ತಲೇಬೇಕಾದರೆ ಅದು ನಿಂತಿದ್ದ ಜಾಗವನ್ನೂ ಮುಖ ಮಾಡಿದ್ದ ದಿಕ್ಕನ್ನೂ ಮೊದಲು ಬರೆದಿಟ್ಟುಕೊಳ್ಳಿ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮೂರನೇ ಸಂಪುಟದಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಶಾಸನಗಳಿವೆ. ಅದನ್ನು ಕೈಯಲ್ಲಿ ಹಿಡಿದು ಇಂದು ಯಾವುದು ಎಲ್ಲಿದೆ ಎಂದು ತಾಳೆ ನೋಡುವುದು ಸ್ಥಳೀಯ ಶಿಕ್ಷಕರಿಗೆ ಹೇಳಿ ಮಾಡಿಸಿದ ಕೆಲಸ.

ಅನುಮತಿ ಇಲ್ಲದೆ ಯಾವುದನ್ನೂ ಮುಟ್ಟಬಾರದು ಎಂಬುದನ್ನು ಬೇರೆ ಹೇಳಬೇಕಿಲ್ಲ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ 1958ರ ಕಾಯ್ದೆ ಇದೆ. 2010ರ ತಿದ್ದುಪಡಿಯಂತೆ ಕಟ್ಟಡ ಕೆಲಸಕ್ಕೆ ಸುತ್ತ 100 ಮೀಟರ್ ನಿಷೇಧಿತ, ಅದರಾಚೆಗೆ 200 ಮೀಟರ್ ನಿಯಂತ್ರಿತ. ರಾಜ್ಯದ ಸ್ಮಾರಕಗಳಿಗೆ 1961ರ ಕಾಯ್ದೆ. ಯಾವ ಕಾಯ್ದೆಯಡಿಯೂ ಇಲ್ಲದ ಸಮಾಧಿಯನ್ನು ಅವಮಾನಿಸುವ ಉದ್ದೇಶದಿಂದ ಅತಿಕ್ರಮಿಸಿದರೂ ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಮಿನಂತೆ ಒಂದು ವರ್ಷದವರೆಗೆ ಶಿಕ್ಷೆ ಇದೆ. ದಾಖಲೆ ಮಾಡುವುದಕ್ಕೆ ಹೋಗುವವರೂ ಸಂಬಂಧಪಟ್ಟ ಇಲಾಖೆ, ವಕ್ಫ್ ಇಲ್ಲವೇ ಚರ್ಚಿನವರಿಗೆ ಲಿಖಿತವಾಗಿ ತಿಳಿಸಿಯೇ ಹೋಗಲಿ.

ಪಟ್ಟಿ ಮುಗಿದ ಮೇಲೆ ಅದನ್ನು ಒಬ್ಬರ ಕಂಪ್ಯೂಟರಿನಲ್ಲಿ ಬಿಡಬೇಡಿ. ಕಾಗದದಲ್ಲಿ ಮುದ್ರಿಸಿದ ಒಂದು ಪ್ರತಿ ಊರಿನ ಗ್ರಂಥಾಲಯದಲ್ಲಿರಲಿ, ಒಂದು ಪುರಾತತ್ವ ಇಲಾಖೆಗೆ ಹೋಗಲಿ, ಒಂದು ಮಿಥಿಕ್ ಸೊಸೈಟಿಗೆ. ಐರೋಪ್ಯ ಸಮಾಧಿಗಳ ಭಾಗವನ್ನು ಲಂಡನ್ನಿನ ಬಾಕ್ಸಾ ಸಂಸ್ಥೆಗೂ ಕಳಿಸಬಹುದು. ದಕ್ಷಿಣ ಏಷ್ಯಾದ ಇಂಥ ಸ್ಮಶಾನಗಳ ದಾಖಲೆಗಾಗಿಯೇ 1976ರಲ್ಲಿ ಹುಟ್ಟಿದ ಸಂಸ್ಥೆ ಅದು, ಅದರ ಕಡತಗಳು ಬ್ರಿಟಿಷ್ ಲೈಬ್ರರಿಯಲ್ಲಿವೆ. ಮದ್ರಾಸ್ ಪ್ರಾಂತ್ಯದ ಚರ್ಚುಗಳ ಹೂಳಿಕೆ ದಾಖಲೆಗಳೂ ಅಲ್ಲೇ ‘ಎನ್/2’ ಸರಣಿಯಲ್ಲಿವೆ. ನಮ್ಮ ಕಲ್ಲಿನಲ್ಲಿ ಅರ್ಧ ಅಳಿಸಿದ ಹೆಸರಿಗೆ ಅಲ್ಲಿ ಪೂರ್ತಿ ಹೆಸರು ಸಿಗಬಹುದು, ಅಲ್ಲಿ ಬರೀ ಹೆಸರಿರುವ ಮಗುವಿನ ಸಮಾಧಿ ಇಲ್ಲಿ ಎಲ್ಲಿದೆ ಎಂದು ನಾವು ತೋರಿಸಬಹುದು.

ಇತಿ,
ಶಾಸನ ಮತ್ತು ಸಮಾಧಿ ದಾಖಲಾತಿಯಲ್ಲಿ ಆಸಕ್ತ ಓದುಗರು,
ಮಂಡ್ಯ ಜಿಲ್ಲೆ